ಓದಿದ್ದನ್ನ, ಓದಿ ತಗದ ಚಿತ್ರಾನ ಎಲ್ಲಾರ ಜೋಡಿ ಹೆಂಗ ಹಂಚಿಕೋಬೇಕು? ಅನುಭವ ಇದ್ದವರು ಹೇಳ್ರಿ

ಕೇಳಿದವರು: ಹುಬ್ಬಳ್ಳಿ, ವಿದ್ಯಾನಗರ

ಎಲ್ಲಾರಿಗೂ ನಮಸ್ಕಾರ್ರಿ. ನಾನು ಬ್ಯಾಂಕಿನ್ಯಾಗ ಕೆಲಸಾ ಮಾಡತೇನಿ. ಸಾಲಿ ಪಾಠಕ್ಕಿದ್ದ ನಾಕು ಪದ್ಯ ಬಿಟ್ರ ಕುಮಾರವ್ಯಾಸನ ಗದುಗಿನ ಭಾರತಾ ಓದಿದ್ದಿಲ್ಲ. ಈಗ ಮೊದಲಿಂದ ಹಿಡದೇನಿ. ರಾತ್ರಿ ಊಟಾ ಆದಮ್ಯಾಲೆ ಒಂದಿಷ್ಟು ಪದ್ಯ ಓದೂದು, ಮನಸಿಗೆ ಹತ್ತಿದ ಪಾತ್ರದ ಚಿತ್ರಾ ತಗಿಯೂದು, ಟೆಲಿಗ್ರಾಂನ್ಯಾಗ ನಮ್ಮ ಓದುಗರ ಗುಂಪಿಗೆ ಹಾಕೂದು ನಡದೈತಿ. ಮೂರು ಪ್ರಶ್ನಿ ಅದಾವು. ದಿನಾ "ಇವತ್ತ ಇಷ್ಟು ಪುಟ ಆತು" ಅಂತ ಹಾಕಿದ್ರ ಯಾರೂ ಏನೂ ಅನ್ನೂದಿಲ್ಲ, ಒಬ್ಬರಂತೂ "ಲೆಕ್ಕಾ ನಮಗ್ಯಾಕವಾ" ಅಂದ್ರು. ಹೆಂಗ ಬರದ್ರ ಛಲೋ? ಎರಡನೇದ್ದು, ನಾ ತಗದ ಉತ್ತರಕುಮಾರನ ಚಿತ್ರಾ ಯಾರೋ ತಮ್ಮ ಸ್ಟೇಟಸ್ಸಿಗೆ ಹಾಕ್ಕೊಂಡಾರ, ನನ್ನ ಹೆಸರು ಕತ್ತರಿಸ್ಯಾರ. ಏನು ಮಾಡ್ಲಿ? ಮೂರನೇದ್ದು, ಈಗ ನಮ್ಮ ನಡುವ ಇರೋ ಲೇಖಕರ ಕಾದಂಬರಿ ಪಾತ್ರಗಳನ್ನೂ ಹಿಂಗ ಬರದು ಹಂಚಬಹುದೇನು?

ಧಾರವಾಡ, ಮಾಳಮಡ್ಡಿ (ನಿವೃತ್ತ ಕನ್ನಡ ಶಿಕ್ಷಕ)

ತಂಗೀ, ಮೊದಲ ಪುಟದ ಸಂಖ್ಯೆ ಬಿಡು. ಗದುಗಿನ ಭಾರತದ ಮುದ್ರಣ ಎಷ್ಟೋ ಅವ. ಒಂದರಾಗ ಅಕ್ಷರ ಸಣ್ಣವು, ಇನ್ನೊಂದರಾಗ ಕೆಳಗ ಟಿಪ್ಪಣಿ, ಮತ್ತೊಂದರಾಗ ಪದ್ಯಕ್ಕೊಂದು ಗದ್ಯ. ನಿನ್ನ ಪುಸ್ತಕದ ಪುಟ ನನ್ನ ಪುಸ್ತಕದಾಗ ಸಿಗೂದೇ ಇಲ್ಲ. ಪರ್ವ, ಸಂಧಿ (ಪರ್ವದೊಳಗಿನ ಅಧ್ಯಾಯ), ಪದ್ಯ ಈ ಮೂರು ಬರದ್ರ ಯಾರು ಬೇಕಾದ್ರೂ ತಮ್ಮ ಪ್ರತಿ ತಗದು ಅಲ್ಲಿಗೇ ಬರತಾರ. ಪದ್ಯದ ಸಂಖ್ಯೆನೂ ಒಂದು ಮುದ್ರಣದಿಂದ ಇನ್ನೊಂದಕ್ಕ ಒಂದೆರಡು ಆಚೀಚೆ ಆಗತದ, ಅದಕ್ಕ ಪದ್ಯದ ಮೊದಲ ಎರಡು ಶಬ್ದಾನೂ ಸೇರಿಸು.

ಇನ್ನ ಮಾತಾಡಲಿಕ್ಕೆ ಜನಾ ಯಾಕ ಬರವಲ್ಲರು ಅಂದ್ರ, "ಇಷ್ಟು ಆತು" ಅಂದದ್ದಕ್ಕ "ಹೌದಾ" ಅನ್ನೂದು ಬಿಟ್ಟು ಬ್ಯಾರೆ ಉತ್ತರಾ ಇಲ್ಲ. ಎಲ್ಲಿ ನಿಂತಿ ಅನ್ನೂದನ್ನ ಬರಿ. ಯಾವ ಶಬ್ದದ ಮುಂದ ಎಡವಿದಿ, ಯಾವ ಪದ್ಯಾ ಎರಡು ಸಲ ಓದಿದಿ, ಯಾವ ಪಾತ್ರದ ಮ್ಯಾಲೆ ಸಿಟ್ಟು ಬಂತು. ನಮ್ಮ ಗುಂಪಿನಾಗ ಒಬ್ಬ ಹುಡುಗ ಪ್ರತಿಸಲ ಒಂದೇ ಒಂದು ಶಬ್ದದ ಅರ್ಥಾ ಕೇಳತಾನ. ಅವನ ಒಂದು ಸಾಲಿಗೆ ಹತ್ತು ಮಂದಿ ಉತ್ತರಾ ಬರೀತಾರ, ನಿಘಂಟು ತಗೀತಾರ, ನಮ್ಮೂರ ಕಡೆ ಈ ಶಬ್ದಾ ಇನ್ನೂ ಅದ ಅಂತ ಹೇಳತಾರ.

ಇನ್ನೊಂದು. ಒಂದು ಪದ್ಯ ನಿನ್ನ ದನಿಯಾಗ ಓದಿ ಹಾಕು. ಭಾಮಿನಿ ಷಟ್ಪದಿ, ಅಂದ್ರ ಈ ಕಾವ್ಯದ ಆರು ಸಾಲಿನ ಛಂದಸ್ಸು, ಕಣ್ಣಿಗಿಂತ ಕಿವಿಗೆ ಬೇಗ ಒಲೀತದ. ಒಂದು, ಎರಡು, ನಾಕು, ಐದನೇ ಸಾಲಿಗೆ 3-4-3-4 ಮಾತ್ರೆ (ಅಕ್ಷರ ನುಡಿಯೋ ಕಾಲದ ಅಳತಿ), ಒಟ್ಟು 14. ಮೂರನೇದು, ಆರನೇದು ಉದ್ದ ಸಾಲು: 3-4 ಮೂರು ಸಲ, ಕಡೀಕ ಒಂದು ಗುರು (ಎರಡು ಮಾತ್ರೆ), ಒಟ್ಟು 23. ಈ ನಡಿಗೆ ಕೈಯಾಗ ತಾಳಾ ಹಾಕಿ ಒಮ್ಮೆ ಹಿಡದಿ ಅಂದ್ರ, ಎಲ್ಲಿ ಉಸಿರು ತಗೋಬೇಕು ಅನ್ನೂದು ಗೊತ್ತಾಗತದ, ಅರ್ಧಾ ಅರ್ಥಾ ಅಲ್ಲೇ ಬಿಡಿಸಿಕೋತದ. ಗಮಕಿಗಳು ಹಾಡಿದಂಗ ಆಗಬೇಕು ಅಂತೇನಿಲ್ಲ, ಸ್ವಚ್ಛ ಓದಿದ್ರ ಸಾಕು. ಕೇಳಿದವರು ತಮ್ಮ ದನಿಯಾಗ ತಿರುಗಿ ಕಳಸತಾರ. ನನಗ ಈ ವಯಸ್ಸಿನಾಗ ಅದಕ್ಕಿಂತ ದೊಡ್ಡ ಸಂತೋಷಾ ಇಲ್ಲ.

ಹುಬ್ಬಳ್ಳಿ, ಎಂಜಿನಿಯರಿಂಗ್ ವಿದ್ಯಾರ್ಥಿ

ಸರ್ ಹೇಳಿದ್ದು ಕಾವ್ಯಕ್ಕೆ ಸರಿ. ಆದರೆ ಲೆಕ್ಕ ಬೇಡವೇ ಬೇಡ ಅನ್ನುವುದನ್ನು ನಾನು ಒಪ್ಪಲ್ಲ. ಹಾಸ್ಟೆಲಿನಲ್ಲಿ ಓದುವ ಅಭ್ಯಾಸ ಉಳಿದದ್ದೇ ಲೆಕ್ಕದಿಂದ. ಓದಿನ ಲೆಕ್ಕ ಇಡುವ ಆ್ಯಪ್ ಗುಡ್‌ರೀಡ್ಸ್‌ನಲ್ಲಿ ಪುಟ ಅಥವಾ ಶೇಕಡಾ ಲೆಕ್ಕದಲ್ಲಿ ಎಲ್ಲಿದ್ದೀವಿ ಅಂತ ಹಾಕಬಹುದು, ವರ್ಷಕ್ಕೆ ಇಷ್ಟು ಪುಸ್ತಕ ಅಂತ ಗುರಿ ಇಟ್ಟುಕೊಳ್ಳಬಹುದು. ಸ್ಟೋರಿಗ್ರಾಫ್ ಕೂಡ ಅಂಥದ್ದೇ, ಅದರಲ್ಲಿ ಕಾಲು ನಕ್ಷತ್ರದವರೆಗೂ ಅಂಕ ಕೊಡಬಹುದು. ಕಾದಂಬರಿ, ವಿಜ್ಞಾನದ ಪುಸ್ತಕಗಳಿಗೆ ಇವು ಚೆನ್ನಾಗಿ ಒದಗುತ್ತವೆ.

ಕನ್ನಡ ಪುಸ್ತಕ ಹುಡುಕುವಾಗ ಎರಡೂ ಲಿಪಿಯಲ್ಲಿ ಹುಡುಕಿ ಅಕ್ಕಾ. ಎಷ್ಟೋ ಪುಸ್ತಕಗಳ ಹೆಸರನ್ನು ಯಾರೋ ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿರುತ್ತಾರೆ. ನಿಜವಾಗಿಯೂ ಇಲ್ಲದಿದ್ದರೆ ಸ್ಟೋರಿಗ್ರಾಫ್‌ನಲ್ಲಿ ನೀವೇ ಸೇರಿಸಬಹುದು: ಹೆಸರು, ಲೇಖಕ, ಪ್ರಕಾಶಕ, ಮುದ್ರಣದ ವರ್ಷ, ಪುಟ. ಹಳೆಯ ಪುಸ್ತಕಗಳಿಗೆ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಇರುವುದಿಲ್ಲ, ಅದನ್ನು ಖಾಲಿ ಬಿಟ್ಟರೂ ನಡೆಯುತ್ತದೆ. ಒಬ್ಬರು ಸೇರಿಸಿದರೆ ಮುಂದೆ ಓದುವವರಿಗೆಲ್ಲ ದಾರಿ ಆಗುತ್ತದೆ, ಈ ಕೆಲಸ ದಯವಿಟ್ಟು ಮಾಡಿ.

ನಾನು ಲೆಕ್ಕವನ್ನು ಆ್ಯಪಿನಲ್ಲಿ ಇಡುತ್ತೇನೆ, ಗುಂಪಿನಲ್ಲಿ ಹಾಕಲ್ಲ. ಅಲ್ಲಿ ಮಾತು ಮಾತ್ರ.

ಗದಗ-ಬೆಟಗೇರಿ, ಗೃಹಿಣಿ

ನಮ್ಮದು ಹೆಣ್ಮಕ್ಕಳ ಓದುಗುಂಪು. ಮೊದಮೊದಲು ಎಲ್ಲಾರೂ ತಮಗ ತಿಳಿದಾಗ ಹಾಕತಿದ್ರು, ಚಿತ್ರಾ, ದನಿ, ಪ್ರಶ್ನಿ ಎಲ್ಲಾ ಕಲಸಿ ಯಾರದೂ ಯಾರೂ ನೋಡದಂಗ ಆಗತಿತ್ತು. ಈಗ ಟೆಲಿಗ್ರಾಂನಾಗ ಟಾಪಿಕ್ಸ್ ಅಂತ ಐತಿ ನೋಡ್ರಿ, ಅದನ್ನ ಹಚ್ಚೇವಿ. ಓದಿದ್ದು ಒಂದು ಕಡೆ, ಬರದದ್ದು-ತಗದದ್ದು ಒಂದು ಕಡೆ, ಹರಟಿ ಒಂದು ಕಡೆ. ವಾರಕ್ಕ ಒಂದು ಸಂಧಿ ಅಂತ ಮಾಡೇವಿ. ರವಿವಾರ ಸಂಜೀಕ ಮಾತು. ಹಿಂದ ಬಿದ್ದವರನ್ನ ಕೇಳೂದಿಲ್ಲ, ಮನ್ಯಾಗ ಹಬ್ಬಾ, ಬ್ಯಾನಿ ಇರ್ತಾವ. ಅವರು ಬಂದು ಸೇರೂ ತನಾ ತಡೀತೇವಿ.

ಭಾರತದ ಕತಿ ಮೊದಲ ಗೊತ್ತಿರತೈತಿ, ಮುಂದ ಏನಾಕೈತಿ ಅಂತ ಮುಚ್ಚಿಡೂದು ಬ್ಯಾಡ. ಆದ್ರ ಪತ್ತೇದಾರಿ ಕಾದಂಬರಿ ಓದೂಮುಂದ ಕೊಲಿಗಾರ ಯಾರು ಅಂತ ಒಬ್ಬಾಕಿ ಬರದು ಬಿಟ್ರ ಉಳಿದವರದ್ದು ಮುಗೀತು. ಟೆಲಿಗ್ರಾಂನಾಗ ಬರದ ಸಾಲು ಆರಿಸಿ ಸ್ಪಾಯ್ಲರ್ ಅಂತ ಒತ್ತಿದ್ರ ಮಬ್ಬಾಗತೈತಿ, ಬೇಕಾದವರು ಮುಟ್ಟಿ ಓದತಾರ. ಡಿಸ್ಕಾರ್ಡ್‌ನಾಗ ಸಾಲಿನ ಹಿಂದ-ಮುಂದ ಎರಡೆರಡು ನಿಂತ ಗೆರಿ ಹಾಕಬೇಕು. ವಾಟ್ಸಾಪಿನ್ಯಾಗ ನಾವು ಮೊದಲ "ಐದನೇ ಅಧ್ಯಾಯದ ಮಾತು" ಅಂತ ಬರದು, ಕೆಳಗ ಹತ್ತು ಖಾಲಿ ಸಾಲು ಬಿಟ್ಟು ಬರೀತೇವಿ. ದೊಡ್ಡ ಸಂದೇಶ ಆದ್ರ "ಇನ್ನಷ್ಟು ಓದಿ" ಅಂತ ತಾನ ಮಡಚಿಕೋತೈತಿ.

ಮತ್ತ ನೀವು ಹುಬ್ಬಳ್ಳ್ಯಾಗ ಇದ್ದು ಗದುಗಿನ ಭಾರತಾ ಓದಾಕತ್ತೀರಿ. ಒಂದು ರವಿವಾರ ಬಸ್ ಹತ್ತಿ ಇಲ್ಲಿ ವೀರನಾರಾಯಣನ ಗುಡಿಗೆ ಬರ್ರಿ. ಕುಮಾರವ್ಯಾಸ ಕುಂತು ಬರದ ಅನ್ನೋ ಕಂಬ ಐತಿ. ಅವನ ಊರು ಕೋಳಿವಾಡ ನಿಮ್ಮ ಹುಬ್ಬಳ್ಳಿ ಕಡೇದ. ಅಲ್ಲಿ ಕುಂತು ನಾಕು ಪದ್ಯ ಓದಿ ಚಿತ್ರಾ ತಗದ್ರ ಅದರ ಕಳೆನ ಬ್ಯಾರೆ ಆಗತೈತಿ ಅಂತ ನನ್ನ ನಂಬಿಕಿ.

ಹಾವೇರಿ, ಚಿತ್ರಕಲಾ ಶಿಕ್ಷಕ

ಮೂರನೆಯ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ, ಯಾಕೆಂದರೆ ಮಕ್ಕಳೂ ಇದನ್ನೇ ಕೇಳುತ್ತಾರೆ.

ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆ 1957ರದು. ಲೇಖಕರು ಬದುಕಿದ್ದಾಗ ಪ್ರಕಟವಾದ ಕೃತಿಯ ಹಕ್ಕು ಅವರ ಜೀವಮಾನವಿಡೀ ಇರುತ್ತದೆ, ತೀರಿಕೊಂಡ ಮರುವರ್ಷದ ಜನವರಿಯಿಂದ ಮತ್ತೆ 60 ವರ್ಷ ಮುಂದುವರಿಯುತ್ತದೆ. ಕುಮಾರವ್ಯಾಸ ಎಲ್ಲರ ಸೊತ್ತು. ನಮ್ಮ ಹಾವೇರಿ ಜಿಲ್ಲೆಯ ಗಳಗನಾಥರು 1942ರಲ್ಲಿ ತೀರಿಕೊಂಡರು, ಅವರ ಕಾದಂಬರಿಗಳು 2003ರಿಂದ ಮುಕ್ತ. ಧಾರವಾಡದ ಬೇಂದ್ರೆಯವರು 1981ರಲ್ಲಿ ಹೋದರು, ಹಾಗಾಗಿ ಅವರ ಕವನಗಳ ಹಕ್ಕು 2041ರ ಕೊನೆಯವರೆಗೆ ಇದೆ. ಇಲ್ಲೊಂದು ಎಚ್ಚರ ಬೇಕು. ಹಳೆಯ ಕಾವ್ಯ ಮುಕ್ತವಾಗಿದ್ದರೂ ಈಗಿನವರು ಬರೆದ ಗದ್ಯಾನುವಾದ, ಟಿಪ್ಪಣಿ, ಮುಖಪುಟದ ಚಿತ್ರ ಅವರವರದೇ. ನಿಮ್ಮ ಚಿತ್ರದ ಕೆಳಗೆ ಮೂಲ ಪದ್ಯ ಬರೆಯಿರಿ, ಅನುವಾದದ ಪುಟದ ಫೋಟೋ ಹಾಕಬೇಡಿ.

ಬದುಕಿರುವ ಲೇಖಕರ ಪಾತ್ರವನ್ನು ಓದಿ, ನಿಮ್ಮ ಕಲ್ಪನೆಯಿಂದ ಬರೆದು, ಕೃತಿಯ ಹೆಸರು, ಲೇಖಕರ ಹೆಸರು ಹಾಕಿ ಪ್ರೀತಿಗಾಗಿ ಹಂಚುವುದನ್ನು ನಾನು ಕಂಡ ಲೇಖಕರೆಲ್ಲ ಸಂತೋಷದಿಂದಲೇ ನೋಡಿದ್ದಾರೆ. ಆದರೂ ಮೊದಲು ಅವರಿಗೇ ಕಳಿಸಿ, "ಹಂಚಲೇ?" ಎಂದು ಕೇಳಿ. ಅದೇ ಚಿತ್ರವನ್ನು ಕ್ಯಾಲೆಂಡರ್, ಟೀ ಶರ್ಟ್ ಮಾಡಿ ಮಾರುವುದಾದರೆ ಲೇಖಕರಿಂದಲೋ ಪ್ರಕಾಶಕರಿಂದಲೋ ಬರಹದಲ್ಲಿ ಒಪ್ಪಿಗೆ ಬೇಕೇ ಬೇಕು. ಧಾರಾವಾಹಿಯ ನಟನ ಮುಖ, ವೇಷ ನೋಡಿ ಕರ್ಣನನ್ನು ಬರೆಯುವುದಕ್ಕಿಂತ ಪದ್ಯ ಓದಿ ನಿಮಗೆ ಕಂಡ ಕರ್ಣನನ್ನು ಬರೆಯಿರಿ. ಹಕ್ಕಿನ ತಕರಾರೂ ಇರುವುದಿಲ್ಲ, ಕೈಯೂ ಬೆಳೆಯುತ್ತದೆ. ಯಂತ್ರದಿಂದ ಮಾಡಿಸಿದ ಚಿತ್ರವಾದರೆ ಹಾಗೆಂದು ಬರೆಯುವುದು ಕೈಯಿಂದ ಬರೆದವರಿಗೆ ತೋರಿಸುವ ಮರ್ಯಾದೆ.

ಇದರ ಜೊತೆಗೇ ಇನ್ನೊಂದು ಮಾತು ಹೇಳಲೇಬೇಕು. ಓದಿನ ಗುಂಪುಗಳಲ್ಲಿ ಹೊಸ ಪುಸ್ತಕಗಳ ಪಿಡಿಎಫ್ ಹರಿದಾಡುವುದು ನನಗೆ ತುಂಬ ನೋವು ಕೊಡುತ್ತದೆ. ಧಾರವಾಡದ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆ 1933ರಿಂದ ಇಲ್ಲಿಯವರೆಗೆ ನಡೆದು ಬಂದದ್ದು ದುಡ್ಡು ಕೊಟ್ಟು ಪುಸ್ತಕ ಕೊಂಡವರಿಂದ. ಮುಕ್ತವಾದ ಹಳೆಯ ಕೃತಿಗಳು ಬೇಕಿದ್ದರೆ ಕನ್ನಡ ವಿಕಿಸೋರ್ಸ್ ಇದೆ, ಅಲ್ಲಿ ಧಾರಾಳವಾಗಿ ಓದಿ, ಕೊಂಡಿ ಹಂಚಿ.

ಚಿತ್ರ ಹಾಕುವ ಬಗೆ: ಹೆಸರನ್ನು ಮೂಲೆಯಲ್ಲಿ ಬರೆದರೆ ಕತ್ತರಿಸುವುದು ಸುಲಭ. ಉಡುಪಿನ ಮಡಿಕೆಯಲ್ಲೋ ರಥದ ಚಕ್ರದ ಪಕ್ಕದಲ್ಲೋ ಬರೆಯಿರಿ. ಬೆಳಗಿನ ಹೊತ್ತು ಕಿಟಕಿಯ ಬಳಿ, ಬಿಸಿಲು ನೇರ ಬೀಳದ ಕಡೆ ಹಾಳೆ ಇಟ್ಟು ಫೋಟೋ ತೆಗೆಯಿರಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಪೆನ್ಸಿಲ್ಲಿನ ಸಣ್ಣ ಗೆರೆ ಹಾಳಾಗುತ್ತದೆ, ಸ್ನೇಹಿತರಿಗೆ ಡಾಕ್ಯುಮೆಂಟ್ ಆಗಿ ಕಳಿಸಿ. ಎಲ್ಲರಿಗೂ ತೆರೆದಿಡುವ ಕಡೆ ಮಾತ್ರ ಸಣ್ಣ ಗಾತ್ರದ್ದು ಸಾಕು, ದೊಡ್ಡ ಪ್ರತಿ ನಿಮ್ಮಲ್ಲೇ ಇರಲಿ.

ಧಾರವಾಡ, ಕಸೂತಿ ಹಾಕುವಾಕಿ

ಚಿತ್ರಾ ಬರೀಲಿಕ್ಕೆ ಬರದವರು ಏನು ಮಾಡಬೇಕು ಅಂತ ಯಾರೂ ಕೇಳಲಿಲ್ಲ, ನಾನ ಹೇಳತೀನಿ. ನನ್ನ ಓದು ಎಲ್ಲಿಗೆ ಬಂತು ಅನ್ನೂದನ್ನ ನಾನು ಕಸೂತಿಯಾಗ ಇಡತೀನಿ. ಗದುಗಿನ ಭಾರತದಾಗ ಪರ್ವ ಹತ್ತು. ಉದ್ದನ್ನ ಒಂದು ಮ್ಯಾಟಿ ಬಟ್ಟಿ (ಎಳಿ ಎಣಿಸಲಿಕ್ಕೆ ಬರೋ ಬಟ್ಟಿ) ತಗೊಂಡು ಪರ್ವ ಮುಗದಂಗ ಒಂದೊಂದು ಚಿತ್ತಾರ ಹಾಕಲಿಕ್ಕೆ ಹತ್ತೀನಿ. ಆದಿಪರ್ವಕ್ಕ ತೊಟ್ಟಿಲು, ಯಾಕಂದ್ರ ಹುಟ್ಟಿದವರೆಲ್ಲಾ ಅಲ್ಲೇ. ಸಭಾಪರ್ವಕ್ಕ ಗೋಪುರ. ಅರಣ್ಯಕ್ಕ ನವಿಲು. ವಿರಾಟಕ್ಕ ಗೋವಿನ ಹಿಂಡಿನ ನೆನಪಿಗೆ ಬಸವಣ್ಣ. ಉದ್ಯೋಗಪರ್ವಕ್ಕ ಕೃಷ್ಣ ಸಂಧಾನಕ್ಕ ಹೋದ ತೇರು. ಯುದ್ಧದ ಪರ್ವಗಳಿಗೆ ಆನಿ ಇಡಬೇಕಂತ ಮಾಡೀನಿ, ಆದ್ರ ಕರ್ಣಪರ್ವಕ್ಕ ಏನು ಹಾಕೂದು ಇನ್ನೂ ಹೊಳೀವಲ್ದು. ಕಮಲ ಸಾಕಾಗೂದಿಲ್ಲ ಅಂವಗ.

ಕಸೂತಿ ಹಾಕೂಮುಂದ ಬಟ್ಟಿ ಮ್ಯಾಲೆ ಬರಕೊಳ್ಳೂದಿಲ್ಲ, ಎಳಿ ಎಣಿಸಿ ಹಾಕೂದು, ಗಂಟು ಹಾಕೂದಿಲ್ಲ. ಗವಂತಿ, ಮುರಗಿ, ನೇಯ್ಗಿ, ಮೆಂಥಿ ಅಂತ ನಾಕು ಹೊಲಿಗಿ. ಗವಂತಿ, ಮುರಗಿ ಹಾಕಿದ್ರ ಹಿಂದ-ಮುಂದ ಒಂದೇ ನಮೂನಿ ಕಾಣತದ, ಅದಕ್ಕ ಫೋಟೋ ಹಾಕೂಮುಂದ ಎರಡೂ ಮಗ್ಗಲದ್ದು ಹಾಕ್ರಿ. ತಿಳದವರು ಹಿಂದಿಂದನ ಮೊದಲು ನೋಡತಾರ. ಚೌಕಳಿ ಹಾಳಿ ಮ್ಯಾಲೆ ಎಳಿ ಲೆಕ್ಕಾ ಬರದು ಅದನ್ನೂ ಜೋಡಿ ಹಾಕಿದ್ರ ಇನ್ನೊಬ್ಬರು ಹಾಕಬಹುದು. ಗೋಪುರ, ತೇರು ನಮ್ಮ ಅಜ್ಜಿಗೋಳ ಕಾಲದಿಂದ ಬಂದದ್ದು, ಯಾರೂ ನಂದು ಅನ್ನಬಾರದು. ನೀವ ಹೊಸಾದು ಜೋಡಿಸಿದ್ರ ಹೆಸರು ಹಾಕ್ಕೊಳ್ರಿ, ತಪ್ಪಿಲ್ಲ.

ಒಂದು ಮಾತು ಗಟ್ಟಿ ಹೇಳತೀನಿ: ಯಾರರ ತಮ್ಮ ಕೈಕೆಲಸಾ ತೋರಿಸಿದ್ರ, ಅವರು ಕೇಳದ ತಪ್ಪು ಎತ್ತಬ್ಯಾಡ್ರಿ. "ಸುಧಾರಿಸೂದು ಹೇಳ್ರಿ" ಅಂದವರಿಗೆ ಮಾತ್ರ ಹೇಳ್ರಿ. ನಮ್ಮ ಗುಂಪಿನಾಗ ಒಬ್ಬಾಕಿ ಮೊದಲ ಸಲ ಹಾಕಿದ್ದಕ್ಕ ಎಳಿ ತಪ್ಪೇದ ಅಂತ ನಾಕು ಮಂದಿ ಅಂದ್ರು, ಆಕಿ ಮತ್ತ ಬರಲೇ ಇಲ್ಲ. ನನಗ ಇನ್ನೂ ಕೆಟ್ಟ ಅನಸತದ.

ರಾಣೆಬೆನ್ನೂರು, ತಾಯಿ

ನನ್ನ ಮಗಳೂ ಕಾಮಿಕ್ಸ್ ಪಾತ್ರಗಳ ಚಿತ್ರಾ ಬರದು ಹಾಕತಾಳ. ಮಕ್ಕಳ ಬಗ್ಗೆ ಎರಡ ಮಾತು. ಇನ್‌ಸ್ಟಾಗ್ರಾಂಗೆ ಕಡಿಮಿ ಅಂದ್ರ 13 ವರ್ಷ ಆಗಿರಬೇಕು, ಅದಕ್ಕಿಂತ ಸಣ್ಣವರದ್ದು ಮನಿಯವರ, ಪರಿಚಯದವರ ಗುಂಪಿನ್ಯಾಗ ಇರಲಿ. ಚಿತ್ರದ ಫೋಟೋದಾಗ ಸಾಲಿ ಹೆಸರಿರೋ ನೋಟ್‌ಬುಕ್ಕು, ಯೂನಿಫಾರ್ಮು, ಮನಿ ಬಾಗಿಲಾ ಬರದಂಗ ನೋಡ್ರಿ. ಸಹಿಗೆ ಪೂರಾ ಹೆಸರು ಬ್ಯಾಡ, ಕಾವ್ಯನಾಮ ಇಡಿಸ್ರಿ. ಹುಡುಗರಿಗೆ ಅದು ಬಾಳ ಖುಷಿನೂ ಆಗತೈತಿ.

ಕೇಳಿದವರು: ಹುಬ್ಬಳ್ಳಿ, ವಿದ್ಯಾನಗರ

ಎಲ್ಲಾರಿಗೂ ಶರಣ್ರಿ. ಹಾವೇರಿ ಸರ್, ಹೆಸರು ಕತ್ತರಿಸಿದವರಿಗೆ ಏನಂತ ಬರೀಲಿ? ಅವರು ನಮ್ಮ ಗುಂಪಿನವರ, ವಯಸ್ಸಿನ್ಯಾಗ ಹಿರಿಯರು. ಜಗಳಾ ಬ್ಯಾಡ ಅನಸತೈತಿ.

ಹಾವೇರಿ, ಚಿತ್ರಕಲಾ ಶಿಕ್ಷಕ

ಜಗಳ ಬೇಡ, ಸುಮ್ಮನಿರುವುದೂ ಬೇಡ. ವಾಟ್ಸಾಪ್ ಸ್ಟೇಟಸ್ 24 ಗಂಟೆಗೆ ಹೋಗಿಬಿಡುತ್ತದೆ, ಆದ್ದರಿಂದ ಇನ್ನೊಮ್ಮೆ ಹೀಗಾದರೆ ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಗುಂಪಿನಲ್ಲಿ ಎತ್ತಬೇಡಿ, ಅವರಿಗೊಬ್ಬರಿಗೇ ಬರೆಯಿರಿ: "ಕಾಕಾರ, ನಾನು ತಗದ ಉತ್ತರಕುಮಾರನ ಚಿತ್ರಾ ನಿಮಗ ಸೇರಿದ್ದು ಸಂತೋಷ ಆತು. ಕೆಳಗಿದ್ದ ನನ್ನ ಹೆಸರು ಬಿಟ್ಟುಹೋಗೇತಿ. ಹೆಸರಿರೋ ಪ್ರತಿ ಈ ಜೋಡಿ ಕಳಸೇನಿ, ಇದನ್ನ ಹಾಕ್ರಿ." ಜೊತೆಗೆ ಆ ಪ್ರತಿಯನ್ನು ಕಳಿಸಿ. ಚಿತ್ರ ನಿಮ್ಮದೆಂದು ಹೇಳಿಕೊಳ್ಳುವ ಹಕ್ಕು ಅದೇ ಕಾಯ್ದೆಯ 57ನೇ ಕಲಮಿನಲ್ಲಿ ಇದೆ, ಅದಕ್ಕೆ ಎಲ್ಲಿಯೂ ನೋಂದಣಿ ಮಾಡಿಸಬೇಕಿಲ್ಲ. ಆದರೆ ಮೊದಲ ಸಂದೇಶದಲ್ಲಿ ಕಾಯ್ದೆಯ ಮಾತು ಬೇಡ. ಹೆಚ್ಚಿನವರು ಹೇಳಿದ ಕೂಡಲೇ ಸರಿಮಾಡುತ್ತಾರೆ. ಮಾಡದಿದ್ದರೆ ಗುಂಪು ನಡೆಸುವವರಿಗೆ ತಿಳಿಸಿ, "ಯಾರ ಚಿತ್ರ ಹಾಕಿದರೂ ಹೆಸರು ಸಮೇತ" ಎಂಬ ಒಂದು ಸಾಲನ್ನು ಗುಂಪಿನ ಮೇಲ್ಭಾಗದಲ್ಲಿ ಪಿನ್ ಮಾಡಿಸಿ. ಆ ಸಾಲು ನಿಮ್ಮೊಬ್ಬರಿಗಲ್ಲ, ದನಿ ಕಳಿಸುವವರಿಗೂ ಕಸೂತಿ ಹಾಕುವವರಿಗೂ ಬೇಕಾಗುತ್ತದೆ.