ಮುಂದಿನ ವಾರ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕ್ಲಾಸಲ್ಲೇ ಕೂರ್ತಾರಂತೆ, ಬಂದವ್ರು ನಿಜವಾಗ್ಲೂ ಏನ್ ನೋಡ್ತಾರೆ?

ಗಣಿತ_ಮೇಷ್ಟ್ರು:
ಎಲ್ರಿಗೂ ನಮಸ್ಕಾರ. ಜಿಪಿಟಿ (ಪದವೀಧರ ಪ್ರಾಥಮಿಕ ಶಿಕ್ಷಕ) ಆಗಿ ಸೇರಿ ಎರಡನೇ ವರ್ಷ, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, 6ರಿಂದ 8ಕ್ಕೆ ಗಣಿತ ವಿಜ್ಞಾನ ಎರಡೂ ನಂದೇ. ಮುಂದಿನ ವಾರ ಬಿಇಒ ಸರ್ ವಿಸಿಟ್ ಇದೆ ಅಂತ ಹೆಚ್‌ಎಮ್ ಹೇಳಿದ್ರು, ಈ ಸಲ ಆಫೀಸ್ ರೂಮಲ್ಲಿ ರಿಜಿಸ್ಟರ್ ನೋಡಿ ಹೋಗಲ್ವಂತೆ, ಒಂದ್ ಪೀರಿಯಡ್ ಪೂರ್ತಿ ಕೂರ್ತಾರಂತೆ. ಅವತ್ತು 7ನೇ ಕ್ಲಾಸ್ ದಶಮಾಂಶ. 5ಇ ಅನ್ನೋ ಐದು ಹಂತದ ಮಾದರೀಲಿ ಪಾಠ ಯೋಜನೆ ಬರ್ದಿದೀನಿ, ಚಾರ್ಟ್ ಮಾಡ್ತಿದೀನಿ, ಆದ್ರೂ ಭಯ. ಕೇಳಿದ್ ತಕ್ಷಣ ಉತ್ತರ ಕೊಡೋ ಮಕ್ಳು ನಾಲ್ಕೈದು ಜನ ಅಷ್ಟೇ, ಅವ್ರನ್ನೇ ಮುಂದೆ ಕೂರಿಸ್ಲಾ ಅಂತ ಯೋಚ್ನೆ ಬಂದಿದ್ದೂ ನಿಜ. ಅನುಭವ ಇರೋರು ಹೇಳಿ ಪ್ಲೀಸ್.

ನಿವೃತ್ತ_ಇಸಿಒ:
ಮೊದ್ಲು ಆ ಮುಂದೆ ಕೂರಿಸೋ ಯೋಚ್ನೆ ಬಿಡಿ ಮೇಷ್ಟ್ರೆ. ನಾನು ಶಿಕ್ಷಣ ಸಂಯೋಜಕ ಆಗಿ ಶಾಲೆ ಶಾಲೆ ತಿರುಗ್ದೋನು, ಹೋದ್ರೆ ಕೂರ್ತಿದ್ದಿದ್ದೇ ಹಿಂದಿನ ಸಾಲಲ್ಲಿ, ಪಕ್ಕದ ಮಗೂನ ನೋಟ್ಸ್ ತಗೊಂಡು ಪುಟ ತಿರುವ್ತಿದ್ದೆ. ಪ್ರತಿ ಪುಟಕ್ಕೂ ಕೆಂಪು ಸಹಿ ಇದ್ಯಾ ಅಂತ ನೋಡೋಕಲ್ಲ, ಜೂನಲ್ಲಿ ಮಾಡಿದ ತಪ್ಪು ಆಗಸ್ಟಲ್ಲೂ ಹಾಗೇ ಉಳಿದಿದ್ಯಾ ಅಂತ ನೋಡೋಕೆ.

ದಶಮಾಂಶ ಅಂದ್ರಲ್ಲ, ನಾಳೆನೇ ಕ್ಲಾಸಲ್ಲಿ 0.35 ದೊಡ್ಡದಾ 0.7 ದೊಡ್ಡದಾ ಅಂತ ಕೇಳಿ ನೋಡಿ. ಬಹಳ ಮಕ್ಳು 0.35 ಅಂತಾರೆ, ಯಾಕಂದ್ರೆ 7ಕ್ಕಿಂತ 35 ದೊಡ್ಡದು. ಆಗ ಒಬ್ಬ ಮೇಷ್ಟ್ರು 'ತಪ್ಪು, ಕೂತ್ಕೋ, ನೀನ್ ಹೇಳೋ' ಅಂತ ಮುಂದಿನವನ ಹತ್ರ ಹೋಗ್ತಾರೆ. ಇನ್ನೊಬ್ರು 'ಹೆಂಗ್ ಬಂತು ಹೇಳಪ್ಪ' ಅಂತ ನಿಂತ್ಕೊಂಡು ಕಾಯ್ತಾರೆ, ಆಮೇಲೆ ಮೀಟರ್ ಟೇಪ್ ಹಿಡ್ಸಿ 0.7 ಮೀಟರ್ ಎಲ್ಲಿದೆ 0.35 ಎಲ್ಲಿದೆ ತೋರ್ಸು ಅಂತಾರೆ, 70 ಸೆಂಟಿಮೀಟರು 35 ಸೆಂಟಿಮೀಟರು ಅಂತ ಮಗುನೇ ಹೇಳತ್ತೆ. (ಪೈಸೆ ಲೆಕ್ಕ ಬೇಡ, ಈಗಿನ ಮಕ್ಳು ಪೈಸೆ ಕಂಡೇ ಇಲ್ಲ.) ನಾನು ನೋಡ್ತಿದ್ದಿದ್ದು ಆ ಒಂದೆರಡು ನಿಮಿಷನ್ನೇ. 'ಅರ್ಥ ಆಯ್ತಾ ಮಕ್ಳೇ' ಅಂದ್ರೆ 'ಆಯ್ತು ಸಾಆರ್' ಅಂತ ಬರೋ ರಾಗನ ನಾನು ಯಾವತ್ತೂ ಉತ್ತರ ಅಂತ ತಗೊಂಡಿಲ್ಲ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) 24ನೇ ಸೆಕ್ಷನ್ನಲ್ಲೇ ಇದೆ, ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯ ನೋಡಿ ಬೇಕಾದವ್ರಿಗೆ ಹೆಚ್ಚುವರಿ ಬೋಧನೆ ಮಾಡೋದು ಶಿಕ್ಷಕರ ಕರ್ತವ್ಯ ಅಂತ.

ನಲಿಕಲಿ_ಅಕ್ಕೋರು:
ಸಣ್ಣ ಕ್ಲಾಸಿನ ಹುಡುಗ್ರು ಕಾರ್ಡ್ ಹಿಡದು ತಮ್ಮ ವೇಗದಾಗ ಕಲಿಯೋ ನಮ್ಮ ನಲಿ-ಕಲಿ ಖೋಲಿಗೆ ಬಂದವ್ರು ಅಕ್ಕೋರ ಕಡೆ ನೋಡೋದ ಕಡಿಮಿ ರೀ ಸರ, ಸೀದಾ ಮಗೂನ ಬಾಜೂಕ ಕುಂತು 'ಕಲಿಕಾ ಏಣಿಯೊಳಗ (ಮೆಟ್ಟಲ ಮೆಟ್ಟಲ ಕಲಿಯೋದನ್ನ ತೋರಿಸೋ ಚಾರ್ಟ್) ನೀ ಎಲ್ಲಿ ಅದಿ, ಮುಂದ ಏನು' ಅಂತ ಕೇಳ್ತಾರ. ಅದನ್ನ ಹುಡುಗ ಬಟ್ಟು ಇಟ್ಟು ತೋರಿಸಿದ್ರ ನಮ್ಮ ಅರ್ಧ ಕೆಲಸ ಅಲ್ಲೇ ಕಂಡಂಗ. ಪ್ರಗತಿ ನೋಟದಾಗ (ಯಾವ ಮಗು ಎಲ್ಲಿತನಕ ಕಲಿತೈತಿ ಅನ್ನೋ ಪಟ್ಟಿ) ಓದತಾನ ಅಂತ ಗುರುತು ಹಾಕಿ, ಕಾರ್ಡ್ ಕೊಟ್ರ ಓದಲಿಲ್ಲ ಅಂದ್ರ ಏನ ಹೇಳಿದ್ರೂ ನಡಿಯಂಗಿಲ್ಲ. ಹೋದ ವರ್ಷ ಒಬ್ಬರು ಬಂದು ಬರೇ ದಾಖಲೆ ನೋಡಿದ್ರು, ಒಂದು ಮಗೂನೂ ಮಾತಾಡಿಸ್ಲಿಲ್ಲ, ಹುಡುಗ್ರು ಹಾಡು ಹೇಳಾಕ ಅಂತ ಕಾದು ಕುಂತಿದ್ವು, ಭಾಳ ಬ್ಯಾಸರ ಆತು.

ವಿಜ್ಞಾನ_ಹಾಸನ:
ಇಬ್ರೂ ಹೇಳಿದ್ದು ಸರಿ, ಆದ್ರೆ ದಾಖಲೆ ಬಿಟ್ ಬಿಡ್ಬೇಡಿ. ವಾರ್ಷಿಕ ಯೋಜನೆಲಿ ಇರೋ ಘಟಕನೇ ಬೋರ್ಡ್ ಮೇಲೆ ಇದ್ಯಾ, ಎಫ್‌ಎ (ವರ್ಷದ ಮಧ್ಯೆ ಮಾಡೋ ರೂಪಣಾತ್ಮಕ ಮೌಲ್ಯಮಾಪನ) ಅಂಕಕ್ಕೆ ಚಟುವಟಿಕೆ ಹಾಳೆ ಇದ್ಯಾ, ಇಷ್ಟಂತೂ ಕೇಳ್ತಾರೆ. ಆಮೇಲೆ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಅವ್ರನ್ನ ಒಂದಿನ ಮುಂಚೆ ಬಂದು ಕ್ಲಾಸ್ ನೋಡೋಕೆ ಕೇಳಿ, ನಾನು ಕೇಳಿದ್ದೆ, ಹುಡುಗೀರಿಗೆ ನಾನು ಪ್ರಶ್ನೆನೇ ಕೇಳ್ತಿಲ್ಲ ಅನ್ನೋದು ಅವ್ರು ಹೇಳಿದ್ಮೇಲೇ ನಂಗೆ ಗೊತ್ತಾಗಿದ್ದು.

ಗಣಿತ_ಮೇಷ್ಟ್ರು:
ಥ್ಯಾಂಕ್ಸ್ ಎಲ್ರಿಗೂ. ಇವತ್ತು ಕೇಳಿದೆ ಸರ್, 22 ಮಕ್ಳಲ್ಲಿ 13 ಜನ 0.35 ಅಂದ್ರು, ಯಾವಾಗ್ಲೂ ಉತ್ತರ ಕೊಡೋ ಹುಡುಗನೂ ಸೇರಿ. ಟೈಲರ್ ಹತ್ರ ಟೇಪ್ ಇಸ್ಕೊಂಡು ಬಂದಿದ್ದೆ, ಹಿಂದಿನ ಸಾಲಲ್ಲಿ ಬಾಯೇ ಬಿಡದ ಹುಡುಗಿ ಎದ್ದು ಬಂದು ತೋರಿಸಿದ್ಲು. ಇನ್ನೂ ಐದಾರು ಮಕ್ಳಿಗೆ ಗೊಂದಲ ಇದೆ, ಬಿಸಿಯೂಟ ಆದ್ಮೇಲೆ 20 ನಿಮಿಷ ಕೂರಿಸ್ಕೊಳ್ತೀನಿ. ಇದಕ್ಕೆ ಬೇರೆ ಪುಸ್ತಕ ಇಡ್ಬೇಕಾ?

ನಿವೃತ್ತ_ಇಸಿಒ:
ಬೇಡ, ಪಾಠ ಯೋಜನೆ ಕೊನೇಲಿ ಸ್ವಾವಲೋಕನ ಅಂತ ಜಾಗ ಇರತ್ತಲ್ಲ, ಅಲ್ಲೇ ಬರೀರಿ. ಆ 13 ಅನ್ನೋ ಸಂಖ್ಯೆನೂ ಬರೀರಿ, ಮುಚ್ಚಿಡ್ಬೇಡಿ. ಆ ಹುಡುಗಿಗೆ ನಾಳೆನೂ ಒಂದ್ ಪ್ರಶ್ನೆ ಕೇಳಿ.