ಮಗ ಕಂಬಿ ಹತ್ತಕ್ಕೆ ಶುರು ಮಾಡಿದಾನೆ, ಬೇಬಿ ಕಾಟಿಂದ ಬೇರೆ ಹಾಸಿಗೆಗೆ ಹಾಕೋದು ಹೇಗೆ?

ಕುವೆಂಪುನಗರದ ಅಮ್ಮ:
ಎಲ್ರಿಗೂ ನಮಸ್ಕಾರ. ಮಗನಿಗೆ ಎರಡು ವರ್ಷ ಮೂರು ತಿಂಗಳು, ಕಂಬಿ ಇರೋ ಬೇಬಿ ಕಾಟಲ್ಲೇ ಮಲಗೋದು. ಒಳಗಿನ ಬೆಡ್ ತೀರಾ ಕೆಳಗಿನ ಹಂತಕ್ಕೆ ಇಳಿಸಿದ್ರೂ ಕಂಬಿ ಅವನ ಎದೆ ಮಟ್ಟಕ್ಕೇ ಬರುತ್ತೆ, ಮೊನ್ನೆ ದಿಂಬಿನ ಮೇಲೆ ನಿಂತು ಒಂದು ಕಾಲು ಆಚೆ ಹಾಕಿಬಿಟ್ಟಿದ್ದ. ನಂಗೀಗ ಐದು ತಿಂಗಳು, ಆ ಕಾಟ್ ಮುಂದೆ ಪಾಪುಗೆ ಬೇಕಾಗುತ್ತೆ. ಅತ್ತೆ ನಿಮ್ಮಿಬ್ಬರ ಮಧ್ಯ ಮಲಗಿಸ್ಕೊಳ್ಳಿ, ಇಷ್ಟುದ್ದ ಮಗುಗೆ ಬೇರೆ ಮಂಚ ಯಾಕೆ ಅಂತಾರೆ, ಇವರು ನೋಡಿದ್ರೆ ಆನ್‌ಲೈನಲ್ಲಿ ಕಾರ್ ಶೇಪಿನ ಮಂಚ ನೋಡ್ಕೊಂಡು ಕೂತಿದಾರೆ, ರೇಟ್ ಕೇಳಿ ತಲೆ ತಿರುಗ್ತು. ಬಾಡಿಗೆ ಮನೆ, ನಮ್ಮ ಮಂಚದ ಪಕ್ಕ ಗೋಡೆ ಕಡೆ ಒಂದು ಸಿಂಗಲ್ ಹಾಸಿಗೆ ಹಿಡಿಯೋವಷ್ಟೇ ಜಾಗ. ನೆಲದ ಮೇಲೆ ಹಾಕ್ಲಾ, ದಿವಾನ ತಗೊಳ್ಲಾ? ಈಗ್ಲೇ ಬದಲಾಯಿಸ್ಬೇಕಾ ಇಲ್ಲ ಹೆರಿಗೆ ಆದ್ಮೇಲಾ?

ಎರಡು ಮಕ್ಕಳ ತಾಯಿ, ಸರಸ್ವತಿಪುರಂ:
ಕಾಲು ಆಚೆ ಹಾಕಿದ ಅಂದ್ಮೇಲೆ ಕಾಯ್ಬೇಡಿ ಮೇಡಮ್. ಸಾಮಾನ್ಯವಾಗಿ ಒಂದೂವರೆಯಿಂದ ಮೂರೂವರೆ ವರ್ಷದೊಳಗೆ ಬದಲಾಯಿಸ್ತಾರೆ, ಹತ್ತದೇ ಇರೋ ಮಗು ಆದ್ರೆ ಮೂರರ ಹತ್ರ ಬರೋವರೆಗೂ ಬಿಡೋದೇ ವಾಸಿ, ಅಷ್ಟೊತ್ತಿಗೆ ಇಳೀಬೇಡ ಅಂದ್ರೆ ಸ್ವಲ್ಪ ಅರ್ಥ ಆಗುತ್ತೆ. ಆದ್ರೆ ಎತ್ತರ 90 ಸೆಂಟಿಮೀಟರ್ ಹತ್ರ ಬಂತು, ಇಲ್ಲಾ ಕಂಬಿ ಎದೆ ಮಟ್ಟಕ್ಕೆ ಬಂತು ಅಂದ್ರೆ ಕಾಟಿನ ಕೆಲಸ ಮುಗೀತು. ಅಲ್ಲಿಂದ ತಲೆ ಕೆಳಗಾಗಿ ಬೀಳೋದಕ್ಕಿಂತ ಗೇಣೆತ್ತರದ ಹಾಸಿಗೆಯಿಂದ ಉರುಳೋದು ಎಷ್ಟೋ ಮೇಲು. ಇವತ್ತೇ ದಿಂಬು, ದೊಡ್ಡ ಬೊಂಬೆ ಎಲ್ಲಾ ಕಾಟಿಂದ ತೆಗೀರಿ, ಅದನ್ನೇ ಮೆಟ್ಟಿಲು ಮಾಡ್ಕೋತಾನೆ.

ಹೆರಿಗೆ ಆದ್ಮೇಲೆ ಅಂತ ಮಾತ್ರ ಇಟ್ಕೋಬೇಡಿ. ಪಾಪು ಮನೆಗೆ ಬಂದ ವಾರವೇ ಇವನ ಜಾಗ ಕಿತ್ತು ಅದಕ್ಕೆ ಕೊಟ್ರೆ ಹೊಟ್ಟೆಕಿಚ್ಚು ನೀವೇ ಹಚ್ಚಿದಂಗೆ. ಈಗ ಬದಲಾಯಿಸಿ, ಖಾಲಿ ಕಾಟ್ ಬಿಚ್ಚಿ ಅಟ್ಟಕ್ಕೆ ಹಾಕಿ. ಪಾಪುಗೆ ಮೊದಲ ಕೆಲವು ತಿಂಗಳು ಹೆಂಗೂ ತೊಟ್ಟಿಲು ಇರುತ್ತೆ, ಕಾಟ್ ಕೆಳಗೆ ಇಳಿಸೋ ಹೊತ್ತಿಗೆ ಅದು ತನ್ನದಾಗಿತ್ತು ಅನ್ನೋದೇ ಅವನಿಗೆ ನೆನಪಿರಲ್ಲ.

ಮಂಡ್ಯ ಹೈದ:
ಅಯ್ಯೋ ಬುಡಿ ಅಕ್ಕ, ಕಾರ್ ಮಂಚ ತಗಂಡ್ ಏನ್ ಮಾಡೀರಿ, ಒಸಿ ಬೆಳುದ್ರೆ ಕಾಲ್ ಮುದುರ್ಕಂಡು ಮನಗ್ಬೇಕಾಯ್ತದೆ. ನಮ್ ಹಟ್ಟೀಲಿ ಹೈಕ್ಳುಗೆಲ್ಲಾ ನೆಲದ್ ಮೇಲೆ ಚಾಪೆ ಹಾಸಿ ಅದ್ರು ಮೇಲೆ ಅರಳೆ ಹಾಸಿಗೆ, ಬಿದ್ರೂ ಎಲ್ಲಿಗ್ ಬಿದ್ದಾವು. ಒಂದೇ ತಾಪತ್ರಯ ಅಂದ್ರೆ ಮಳೆಗಾಲ್ದಲ್ಲಿ ನೆಲ ತಂಡಿ, ಬೆಳಿಗ್ಗೆ ಎದ್ದೇಟ್ಗೆ ಹಾಸಿಗೆ ಎತ್ತಿ ಗ್ವಾಡೆಗೆ ಒರಗಿಸ್ಬೇಕು, ಬಿಸ್ಲು ಬಂದಾಗ ಮಾಳಿಗೆ ಮೇಲೆ ಹಾಕ್ಬೇಕು, ಇಲ್ಲಾಂದ್ರೆ ಅಡೀಲಿ ಬೂಷ್ಟು ಹಿಡಿದು ಮುಗ್ಗಲು ವಾಸ್ನೆ ಹೊಡಿತದೆ. ನಾಲೆ ಗದ್ದೆ ಹತ್ರ ಆದ್ರೆ ಸೊಳ್ಳೆ ಪರದೆ ಬೇಕೇ ಬೇಕು, ನಿಮ್ ಮೈಸೂರಲ್ಲೂ ಏನ್ ಕಮ್ಮಿ ಇಲ್ಲ ಬುಡಿ. ಪರದೆ ಅಂಚ ಸುತ್ತ ಹಾಸಿಗೆ ಅಡಿಕ್ ಸಿಕ್ಕಿಸ್ಬುಡಿ.

ಬೋಗಾದಿ ಅಪ್ಪ:
ನಂದೂ ನೆಲದ ಹಾಸಿಗೆಗೇ ಓಟು, ದಿವಾನ ಇನ್ನೊಂದು ವರ್ಷ ಬಿಟ್ಟು ತಗೊಳ್ಳಿ, ದೊಡ್ಡವನಾದ್ರೂ ಬರುತ್ತೆ. ಆದ್ರೆ ಎಲ್ರೂ ಬೀಳೋದನ್ನೇ ಹೇಳ್ತಿದೀರ, ರಾತ್ರಿ ಎರಡು ಗಂಟೆಗೆ ಅವನೇ ಎದ್ದು ಓಡಾಡ್ತಾನಲ್ಲ ಅದು? ಕಂಬಿ ಹೋದ್ಮೇಲೆ ಇಡೀ ಮನೆ ಓಪನ್. ಬಚ್ಚಲುಮನೆಗೆ ಹೊರಗಿನಿಂದ ಚಿಲಕ ಹಾಕಿ, ರಾತ್ರಿ ಬಕೆಟ್ ಖಾಲಿ ಮಾಡಿ ಬೋರಲು ಹಾಕಿಡಿ, ಈ ವಯಸ್ಸಿನ ಮಗು ತಲೆ ಕೆಳಗಾಗಿ ಬಿದ್ರೆ ಬಕೆಟ್ ತಳದ ಒಂದೆರಡು ಇಂಚು ನೀರೇ ಸಾಕು. ಬೀರು ಡ್ರಾಯರ್ ಎಳೆದು ಹತ್ತಕ್ಕೆ ಹೋದ್ರೆ ಬೀರುನೇ ಮೈಮೇಲೆ ಬರುತ್ತೆ, ಕ್ಲಾಂಪ್ ಹಾಕಿ ಗೋಡೆಗೆ ಬಿಗಿಸಿ. ಬಾಡಿಗೆ ಮನೇಲಿ ಮೊಳೆ ಹೊಡೀಬೇಡಿ ಅಂತ ಓನರ್ ಗೊಣಗ್ತಾರೆ, ಗೊಣಗಲಿ. ಸೊಳ್ಳೆ ಲಿಕ್ವಿಡ್ ಮಷಿನ್ ಕೈಗೆ ಸಿಗೋ ಪ್ಲಗ್ಗಲ್ಲಿ ಬೇಡ.

ಗೋಡೆ ಕಡೆ ಅಂದ್ರಲ್ಲ, ಗೋಡೆಗೂ ಹಾಸಿಗೆಗೂ ಮಧ್ಯ ಸಣ್ಣ ಸಂದು ಬಿಡಬೇಡಿ, ನಿದ್ದೇಲಿ ಜಾರಿ ಮುಖ ಸಿಕ್ಕಾಕೊಂಡ್ರೆ ಉಸಿರುಗಟ್ಟುತ್ತೆ. ನಿಮ್ಮ ಮಂಚದ ಕಡೆಗೂ ಇದೇ ಮಾತು. ಮಂಚಕ್ಕೆ ಸಿಕ್ಕಿಸೋ ಬೆಡ್ ರೈಲ್ ಕೂಡ ಎರಡು ವರ್ಷದ ಒಳಗಿನ ಮಕ್ಕಳಿಗೆ ಬೇಡ ಅನ್ನೋದು ಇದೇ ಕಾರಣಕ್ಕೆ.

ಕುವೆಂಪುನಗರದ ಅಮ್ಮ:
ಬಕೆಟ್ ವಿಷಯ ತಲೆಗೇ ಬಂದಿರ್ಲಿಲ್ಲ ಸರ್, ಥ್ಯಾಂಕ್ಸ್. ಇವರಿಗೆ ಕಾರ್ ಮಂಚ ಕ್ಯಾನ್ಸಲ್ ಅಂತ ಹೇಳಾಯ್ತು, ಮುಖ ಊದಿಸ್ಕೊಂಡಿದಾರೆ. ಇನ್ನೊಂದು ಡೌಟು, ಎದ್ದು ಸೀದಾ ನಮ್ಮ ಮಂಚಕ್ಕೆ ಬಂದ್ರೆ? ನಿದ್ದೇಲಿ ಒದೆಯೋ ಅಭ್ಯಾಸ ಬೇರೆ.

ಎರಡು ಮಕ್ಕಳ ತಾಯಿ, ಸರಸ್ವತಿಪುರಂ:
ಬಂದೇ ಬರ್ತಾನೆ. ಲೈಟ್ ಹಾಕ್ದೆ, ಬೈದೆ, ಮುದ್ದೂ ಮಾಡ್ದೆ ಕೈ ಹಿಡ್ಕೊಂಡು ವಾಪಸ್ ಕರ್ಕೊಂಡ್ಹೋಗಿ ಮಲಗಿಸ್ಬೇಕು, ಎಷ್ಟು ಸಲ ಬಂದ್ರೂ ಅಷ್ಟೂ ಸಲ. ಆ ಡ್ಯೂಟಿ ಯಜಮಾನರಿಗೆ ಕೊಡಿ, ನೀವು ಈಗ ಬಗ್ಗಿ ಎತ್ತೋದು ಬೇಡ, ನಾಳೆ ಬಾಣಂತನದಲ್ಲೂ ಅವರೇ ತಾನೇ ನೋಡ್ಕೋಬೇಕು. ಮೊದಲು ಮಧ್ಯಾಹ್ನದ ನಿದ್ದೆ ಹೊಸ ಹಾಸಿಗೇಲಿ ಮಾಡಿಸಿ, ಹಳೇ ಹೊದಿಕೇನೇ ಕೊಡಿ, ಹೊಸ ಬೆಡ್‌ಶೀಟ್ ತಂದ್ರೂ ಸದ್ಯಕ್ಕೆ ಎತ್ತಿಡಿ. ಅತ್ತೆಯವರನ್ನೇ ಪಕ್ಕ ಕೂತು ಕತೆ ಹೇಳಕ್ಕೆ ಕರೀರಿ, ಆಮೇಲೆ ಬೇರೆ ಹಾಸಿಗೆ ಬೇಡ ಅನ್ನಲ್ಲ.

ಮಂಡ್ಯ ಹೈದ:
ರಬ್ಬರ್ ಶೀಟ್ ಹಾಕದ್ ಮರೀಬೇಡಿ ಅಕ್ಕ, ಅರಳೆ ಹಾಸಿಗೆ ಒಂದ್ ಸಲ ಉಚ್ಚೆ ಕುಡುದ್ರೆ ಒಂದಿನಕ್ಕೆಲ್ಲಾ ಒಣಗಕಿಲ್ಲ.