ಪದಚರ್ಚೆ: ಆಂಡ್ರಾಯ್ಡ್‌ನ ‘ಸರ್ವಿಸ್’ ಅನ್ನು ‘ಹಿನ್ನೆಲೆ ಸೇವೆ’ ಎನ್ನಬಹುದೇ?

ಮಾನ್ಯರೇ,

ಆಂಡ್ರಾಯ್ಡ್ ಆ್ಯಪ್‌ಗಳನ್ನು ಕಟ್ಟಲು ಆಕ್ಟಿವಿಟಿ, ಸರ್ವಿಸ್, ಬ್ರಾಡ್‌ಕಾಸ್ಟ್ ರಿಸೀವರ್, ಕಂಟೆಂಟ್ ಪ್ರೊವೈಡರ್ ಎಂಬ ನಾಲ್ಕು ಬಗೆಯ ಘಟಕಗಳಿವೆ. ಇವುಗಳಲ್ಲಿ ಸರ್ವಿಸ್‌ಗೆ ಸ್ವಂತ ಪರದೆಯಿಲ್ಲ. ಹಾಡು ಹಚ್ಚಿ ಆ್ಯಪ್‌ನಿಂದ ಹೊರಬಂದ ಮೇಲೂ ಹಾಡು ಮುಂದುವರಿಯುವುದು ಅದರಿಂದಲೇ. ಕನ್ನಡದಲ್ಲಿ ಇದನ್ನು ‘ಹಿನ್ನೆಲೆ ಸೇವೆ’ ಎಂದುಬಿಡುವುದುಂಟು. ‘ಸೇವೆ’ಗೆ ನನ್ನ ತಕರಾರಿಲ್ಲ, ‘ಹಿನ್ನೆಲೆ’ ಎಂಬ ವಿಶೇಷಣ ಮಾತ್ರ ತಪ್ಪು ದಾರಿ ಹಿಡಿಸುತ್ತದೆ.

ಆ ಹೆಸರು ಕೇಳಿದ ಹೊಸಬರು, ಸರ್ವಿಸ್ ತಾನಾಗಿಯೇ ಬೇರೊಂದು ಥ್ರೆಡ್‌ನಲ್ಲಿ (ಕೆಲಸಗಳು ಒಂದರ ಹಿಂದೊಂದು ಸಾಗುವ ಪ್ರತ್ಯೇಕ ಸಾಲಿನಲ್ಲಿ) ಓಡುತ್ತದೆಂದು ನಂಬಿ ದೊಡ್ಡ ಕಡತದ ಡೌನ್‌ಲೋಡನ್ನು ನೇರವಾಗಿ ಅದರೊಳಗೆ ಬರೆಯುತ್ತಾರೆ. ವಾಸ್ತವದಲ್ಲಿ, ನಾವು ಬೇರೆ ಏರ್ಪಾಡು ಮಾಡದ ಹೊರತು ಸರ್ವಿಸ್‌ನ ಕೆಲಸವೂ ಪರದೆಯನ್ನು ನೋಡಿಕೊಳ್ಳುವ ಮುಖ್ಯ ಥ್ರೆಡ್‌ನಲ್ಲೇ ನಡೆಯುವುದರಿಂದ, ಅಲ್ಲಿ ಹೊತ್ತು ಹಿಡಿಯುವ ಕೆಲಸವಿಟ್ಟರೆ ಗುಂಡಿ ಒತ್ತಿದರೂ ಆ್ಯಪ್ ಮಿಸುಕದು.

ಎರಡನೆಯ ತೊಡಕು ‘ಫೋರ್‌ಗ್ರೌಂಡ್ ಸರ್ವಿಸ್’, ಎಂದರೆ ಮುನ್ನೆಲೆಯ ಸರ್ವಿಸ್. ಇದಕ್ಕೂ ಪರದೆಯಿಲ್ಲ, ಆದರೆ ತಾನು ಚಾಲನೆಯಲ್ಲಿರುವುದನ್ನು ತಿಳಿಸುವ ನೋಟಿಫಿಕೇಶನ್ ಒಂದನ್ನು ಇದು ವ್ಯವಸ್ಥೆಗೆ ಒಪ್ಪಿಸಲೇಬೇಕು. 2017ರ ಆಂಡ್ರಾಯ್ಡ್ 8.0 ಹಿನ್ನೆಲೆಯ ಕೆಲಸಗಳಿಗೆ ಕಡಿವಾಣ ಹಾಕಿದಾಗ, ಫೋರ್‌ಗ್ರೌಂಡ್ ಸರ್ವಿಸ್ ಆಗಿ ಆರಂಭಿಸಿದ್ದು 5 ಸೆಕೆಂಡಿನೊಳಗೆ ಆ ನೋಟಿಫಿಕೇಶನ್ ಕೊಡಬೇಕೆಂಬ ನಿಯಮವೂ ಬಂತು. ಎಲ್ಲ ಸರ್ವಿಸ್‌ಗಳನ್ನೂ ‘ಹಿನ್ನೆಲೆ ಸೇವೆ’ ಎಂದು ಕರೆದವರು ಇದನ್ನು ‘ಮುನ್ನೆಲೆಯ ಹಿನ್ನೆಲೆ ಸೇವೆ’ ಎನ್ನಬೇಕಾದೀತು!

‘ತೆರೆಮರೆಯ ಸೇವೆ’ ಎಂಬ ಸಲಹೆಯೂ ನನಗೆ ಒಪ್ಪಿಗೆಯಾಗುತ್ತಿಲ್ಲ. ‘ತೆರೆಮರೆಯ ಕಸರತ್ತು’ ಎಂಬ ಪತ್ರಿಕಾಭಾಷೆಯಿಂದಾಗಿ ಆ ಮಾತಿಗೆ ಗುಟ್ಟಿನ, ಕೆಲವೊಮ್ಮೆ ಸಂಶಯದ ವಾಸನೆ ಅಂಟಿಕೊಂಡಿದೆ. ನೋಟಿಫಿಕೇಶನ್ ಕಡ್ಡಾಯ ಮಾಡಿರುವುದಾದರೋ ಗುಟ್ಟಿರಬಾರದೆಂದೇ. ಯಕ್ಷಗಾನದ ಹಿಮ್ಮೇಳ ಇದಕ್ಕಿಂತ ಹತ್ತಿರದ್ದು: ಭಾಗವತರು ವೇಷ ಕಟ್ಟುವುದಿಲ್ಲ, ಆದರೂ ರಂಗದ ಮೇಲೆ ಎಲ್ಲರಿಗೂ ಕಾಣುವಂತೆಯೇ ಕುಳಿತಿರುತ್ತಾರೆ. ಹಾಗೆಂದು ‘ಹಿಮ್ಮೇಳ ಸೇವೆ’ ಎಂದು ಕೈಪಿಡಿಯಲ್ಲಿ ಬರೆದರೆ ಹರಕೆಯ ಆಟದ ರಸೀದಿಯೆಂದು ಓದುಗರು ತಿಳಿದಾರು.

ಸದ್ಯಕ್ಕೆ ನಾನು ಘಟಕಕ್ಕೆ ಬರಿಯ ‘ಸರ್ವಿಸ್’ ಎಂದೇ ಬರೆದು, ಮೊದಲ ಬಾರಿ ಬಂದಲ್ಲಿ ‘ಪರದೆಯಿಲ್ಲದ ಘಟಕ’ ಎಂದು ವಿವರಿಸುತ್ತಿದ್ದೇನೆ. ‘ಹಿನ್ನೆಲೆ’, ‘ಮುನ್ನೆಲೆ’ಗಳನ್ನು ಅದರ ಸ್ಥಿತಿ ಹೇಳುವುದಕ್ಕಷ್ಟೇ ಉಳಿಸಿಕೊಂಡಿದ್ದೇನೆ. ಇನ್ನು, ಬೇರೆ ಘಟಕಗಳು ಕೂಡಿಕೊಂಡಿರುವಷ್ಟು ಹೊತ್ತು ಮಾತ್ರ ಬದುಕುವ ‘ಬೌಂಡ್ ಸರ್ವಿಸ್’ಗೆ ‘ಬದ್ಧ’ ಎಂದರೆ ನಿಷ್ಠೆಯ ಅರ್ಥ ಮುಂದಾಗುತ್ತದೆ. ‘ಕೂಡು ಸರ್ವಿಸ್’ ಎಂಬುದು ‘ಕೂಡುಕುಟುಂಬ’ದ ಜಾಡಿನಲ್ಲಿ ಸಹಜವಾಗಿ ಕೇಳುತ್ತದೆಯೇ, ಅಥವಾ ಇದಕ್ಕಿಂತ ಹೊಂದುವ ಪದ ಬಳಕೆಯಲ್ಲಿದೆಯೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.